ಮೇಳ ಕಟ್ಟುವ ಮಾತು

ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗ ಚಾವಡಿಯ ಮೂಲೆಯಲ್ಲಿ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಮೂರು ದಿನಗಳಿಂದ ಒಂದೇ ಯುದ್ಧವನ್ನು ಹೂಡುತ್ತಿದ್ದ. ಮೂರು ದಿನವೂ ಸೋಲುತ್ತಿದ್ದ. ಸೋತಾಗಲೆಲ್ಲ ಅವನು ಬಿಡುತ್ತಿದ್ದ ನಿಟ್ಟುಸಿರನ್ನು ಕೇಳಿ, ನಿಜವಾಗಿಯೂ ಯಾವುದೋ ರಾಜ್ಯ ಕೈಬಿಟ್ಟುಹೋಯಿತೇನೋ ಎಂದು ನನಗೇ ಗಾಬರಿಯಾಗುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ "ಗೆದ್ದೆ ಅಜ್ಜಯ್ಯ!" ಎಂದು ಕೂಗಿದ. ಹೇಗೆ ಗೆದ್ದೆ ಮಾರಾಯ ಎಂದು ಕೇಳಿದೆ. "ಶಕ್ತಿ ಹೆಚ್ಚು ಮಾಡ್ಲಿಲ್ಲ. ಜನ ಬದಲು ಮಾಡಿದೆ, ಅಷ್ಟೇ" ಎಂದ.

ಆ ಉತ್ತರ ನನ್ನನ್ನು ಹಿಡಿದು ನಿಲ್ಲಿಸಿತು. ಕಾಫಿಯ ಲೋಟ ಕೆಳಗಿಟ್ಟು ಅವನ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ವಿವರವಾಗಿ ಕೇಳಿದೆ. ಅವನು ಆಡುತ್ತಿದ್ದುದು 2023ರಲ್ಲಿ ಬಂದ 'ಬಾಲ್ಡರ್ಸ್ ಗೇಟ್' ಎಂಬ ಆಟದ ಮೂರನೆಯ ಭಾಗವಂತೆ. ಅದರಲ್ಲಿ ನಾಲ್ಕು ಮಂದಿಯ ತಂಡ ಕಟ್ಟಿಕೊಂಡು ಕಾಡು, ಕೋಟೆ, ನೆಲಮಾಳಿಗೆಗಳಲ್ಲಿ ರಾಕ್ಷಸರೊಂದಿಗೆ ಕಾದಬೇಕು. ನಮ್ಮ ಹುಡುಗ ಮೊದಲು ನಾಲ್ಕು ಮಂದಿ ಭೀಮಸೇನರನ್ನೇ ಆರಿಸಿಕೊಂಡಿದ್ದ. ನಾಲ್ವರೂ ಗದೆ ಖಡ್ಗಗಳ ಶೂರರು. ಒಬ್ಬನ ಏಟಿಗೆ ಇಬ್ಬರು ಉರುಳುತ್ತಿದ್ದರು. ಆದರೆ ವೈರಿಗಳು ದಿಬ್ಬದ ಮೇಲೆ ನಿಂತು ಬಾಣ ಬಿಟ್ಟಾಗ ಭೀಮಸೇನರು ಕೆಳಗೆ ನಿಂತು ಬಾಣ ತಿನ್ನಬೇಕಾಯಿತು. ಒಬ್ಬ ಬಿದ್ದರೆ ಎತ್ತುವವರಿಲ್ಲ. ಬೀಗ ಹಾಕಿದ ಬಾಗಿಲು ಎದುರಾದರೆ ತೆರೆಯುವವರಿಲ್ಲ. ಕೊನೆಗೆ ಮೂವರನ್ನು ಬಿಟ್ಟು ಬೇರೆ ಮೂವರನ್ನು ತಂದನಂತೆ: ಗಾಯ ಮಾಯಿಸಿ ಬಿದ್ದವನನ್ನು ಎಬ್ಬಿಸುವ ಒಬ್ಬ ಪುರೋಹಿತ, ವೈರಿಗಳಲ್ಲಿ ಅರ್ಧ ಜನ ಕಾಲು ಕೀಳಲಾರದಂತೆ ದೂರದಿಂದಲೇ ಕಟ್ಟಿಹಾಕುವ ಒಬ್ಬ ಮಾಂತ್ರಿಕ, ಬೀಗ ತೆರೆಯುವ, ಅಡಗಿಸಿಟ್ಟ ಬಲೆಯನ್ನು ಮೊದಲೇ ಕಾಣುವ ಒಬ್ಬ ಚೋರ. ಉಳಿದ ಒಬ್ಬ ಭೀಮಸೇನನಿಗೆ ಗುರಾಣಿ ಕೊಟ್ಟು ಇಕ್ಕಟ್ಟಾದ ಬಾಗಿಲಲ್ಲಿ ನಿಲ್ಲಿಸಿದ. ಅವನ ಕೆಲಸ ಹೊಡೆಯುವುದಲ್ಲವಂತೆ, ಹೊಡೆಸಿಕೊಳ್ಳುವುದಂತೆ! ಎಲ್ಲ ಪೆಟ್ಟೂ ಅವನ ಮೇಲೆಯೇ ಬಿದ್ದರೆ ಮಿಕ್ಕವರ ಕೆಲಸ ಸಾಗುತ್ತದೆ.

ಇದು ಈ ಹುಡುಗನ ಕಾಲದ ಬುದ್ಧಿಯೂ ಅಲ್ಲ. ಅಮೆರಿಕೆಯಲ್ಲಿ 1974ರಲ್ಲಿ ಗೈಗಾಕ್ಸ್ ಮತ್ತು ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಅದಕ್ಕೆ ಕಂಪ್ಯೂಟರು ಬೇಡ. ಕಾಗದ, ಪೆನ್ಸಿಲು, ದಾಳ, ಮೇಜಿನ ಸುತ್ತ ಕುಳಿತ ನಾಲ್ಕಾರು ಗೆಳೆಯರು, ಇಷ್ಟು ಸಾಕು. ಮೊದಲ ಪುಸ್ತಕದಲ್ಲಿದ್ದ ಪಾತ್ರವರ್ಗಗಳು ಮೂರೇ: ಯೋಧ, ಮಾಂತ್ರಿಕ, ಪುರೋಹಿತ. ಮರುವರ್ಷ ಚೋರನೂ ಸೇರಿಕೊಂಡ. ಯಾರೊಬ್ಬನೂ ಎಲ್ಲವನ್ನೂ ಮಾಡಲಾರದಂತೆ ಬೇಕೆಂದೇ ಒಬ್ಬೊಬ್ಬನಲ್ಲಿ ಒಂದೊಂದು ಕೊರತೆಯನ್ನಿಟ್ಟದ್ದು ಆ ಆಟದ ಜಾಣ್ಮೆ. ಯೋಧನಿಗೆ ಮಂತ್ರ ಬಾರದು. ಮಾಂತ್ರಿಕನಿಗೆ ಕವಚವಿಲ್ಲ. ಕೊರತೆಯಿದ್ದಲ್ಲಿ ಇನ್ನೊಬ್ಬನ ಅಗತ್ಯ, ಅಗತ್ಯವಿದ್ದಲ್ಲಿ ಸ್ನೇಹ. ಆಟವನ್ನು ಕಟ್ಟಿದವರು ಇಷ್ಟು ಯೋಚಿಸಿದ್ದರೋ ಇಲ್ಲವೋ, ನಮಗೆ ಸಿಗುವ ಅರ್ಥವಂತೂ ಇದು.

ಹುಡುಗನ ಮಾತು ಕೇಳುತ್ತಿದ್ದಂತೆ ನನಗೆ ನಗು ಬಂತು. ಬ್ರಹ್ಮಾವರದ ಸುತ್ತಿನ ಗದ್ದೆಬಯಲಿನಲ್ಲಿ ಹುಟ್ಟಿ ಬೆಳೆದವನಿಗೆ ಇದು ಹೊಸ ಮಾತೇ? ನಾವು ಇದಕ್ಕೆ 'ಮೇಳ ಕಟ್ಟುವುದು' ಎನ್ನುತ್ತೇವೆ. ಮೇಳವೆಂದರೆ ಯಕ್ಷಗಾನದ ತಂಡವೂ ಹೌದು, ಹೊಂದಿಕೆಯೂ ಹೌದು. ಎರಡಕ್ಕೂ ಒಂದೇ ಮಾತನ್ನಿಟ್ಟ ಹಿರಿಯರು ಪದಗಳಿಗೆ ಬಡವರಾಗಿ ಹಾಗೆ ಮಾಡಿರಲಾರರು.

ಬಡಗುತಿಟ್ಟಿನ ಒಂದು ಮೇಳವನ್ನು ನೋಡಿ. ಮುಂದೆ ಕುಣಿಯುವವರು ಮುಮ್ಮೇಳ, ಹಿಂದೆ ಕುಳಿತವರು ಹಿಮ್ಮೇಳ. ಹಿಮ್ಮೇಳದಲ್ಲಿ ಭಾಗವತರು, ಮದ್ದಳೆಯವರು, ಚೆಂಡೆಯವರು, ಶ್ರುತಿಯವರು. ಮುಮ್ಮೇಳದಲ್ಲಿ ಎರಡನೇ ವೇಷ, ಪುರುಷವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯಗಾರ. ಇನ್ನೂ ಕಲಿಯುತ್ತಿರುವ ಹುಡುಗರಿಗೆ ಕೋಡಂಗಿ, ಬಾಲಗೋಪಾಲ. ಕಥಾನಾಯಕನ ಪಾತ್ರಗಳನ್ನು ವಹಿಸುವ ಹಿರಿಯ ಕಲಾವಿದನನ್ನು 'ಎರಡನೇ ವೇಷಧಾರಿ' ಎನ್ನುವುದನ್ನು ಕೇಳಿದ ಪರವೂರಿನವರು, ಹಾಗಾದರೆ ಮೊದಲನೆಯ ವೇಷ ಯಾವುದು ಎಂದು ಕೇಳುವುದುಂಟು. ಭಾಗವತರೇ ಮೊದಲನೆಯ ವೇಷ ಎಂದು ನಮ್ಮಲ್ಲಿ ಹೇಳುತ್ತಾರೆ. ಕಿರೀಟವಿಲ್ಲ, ಗೆಜ್ಜೆಯಿಲ್ಲ, ಮುಖಕ್ಕೆ ಬಣ್ಣವಿಲ್ಲ, ತಲೆಗೊಂದು ಮುಂಡಾಸು ಸುತ್ತಿ ರಂಗದ ಹಿಂಬದಿಯಲ್ಲಿ ಕುಳಿತವನಿಗೆ ಮೊದಲ ಸ್ಥಾನ, ಮಿಂಚುವವನಿಗೆ ಎರಡನೆಯದು. 1990ರಲ್ಲಿ ಗುಂಡ್ಮಿ ಕಾಳಿಂಗ ನಾವಡರು ಎಳೆಯ ಪ್ರಾಯದಲ್ಲೇ ತೀರಿಕೊಂಡಾಗ ಈ ಕರಾವಳಿ ಪಟ್ಟ ದುಃಖವನ್ನು ಕಂಡವರಿಗೆ ಆ ಲೆಕ್ಕ ಬರಿಯ ಉಪಚಾರದ ಮಾತಲ್ಲವೆಂದು ಗೊತ್ತು.

ಮೇಳವೊಂದರಲ್ಲಿ ನಾಲ್ಕು ಮಂದಿ ಎರಡನೇ ವೇಷಧಾರಿಗಳಿದ್ದಾರೆ, ಹಾಸ್ಯಗಾರನಿಲ್ಲ ಎಂದಿಟ್ಟುಕೊಳ್ಳಿ. ನಡುರಾತ್ರಿ ದಾಟಿ ಎರಡು ಗಂಟೆಯ ಹೊತ್ತಿಗೆ ಗದ್ದೆಯಲ್ಲಿ ಅರ್ಧ ಜನ ಚಾಪೆಯ ಮೇಲೆ ಮಲಗಿರುತ್ತಾರೆ. ಅವರನ್ನು ಎಬ್ಬಿಸುವುದು ವೀರರ ಅಬ್ಬರದಿಂದ ಆಗದ ಕೆಲಸ. ಅಬ್ಬರಕ್ಕೆ ಕಿವಿ ಆಗಲೇ ಒಗ್ಗಿಹೋಗಿರುತ್ತದೆ. ಒಬ್ಬ ಮುದುಕ ಬ್ರಾಹ್ಮಣನೋ ಒಬ್ಬ ದೂತನೋ ಬಂದು ನಾಲ್ಕು ಮಾತಾಡಿ ನಗಿಸಬೇಕು. ಜೋಡಾಟದ ರಾತ್ರಿಯಲ್ಲಂತೂ ಇದು ಇನ್ನೂ ಸ್ಪಷ್ಟ. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ. ಅಲ್ಲಿ ಕೌರವನಿಗೆ ಕೌರವ ಎದುರು, ಚೆಂಡೆಗೆ ಚೆಂಡೆ ಎದುರು. ಯಾವ ಮೇಳದಲ್ಲಿ ಒಂದು ಸ್ಥಾನ ಬರಿದಾಗಿದೆಯೋ ಆ ಹೊತ್ತಿಗೆ ಜನ ಎದ್ದು ಇನ್ನೊಂದು ರಂಗಸ್ಥಳದ ಕಡೆಗೆ ತಿರುಗುತ್ತಾರೆ. ಹಾರಾಡಿ, ಮಟಪಾಡಿ ಎಂದು ಎರಡು ತಿಟ್ಟುಗಳಿಗೆ ಹೆಸರು ಕೊಟ್ಟ ಎರಡು ಹಳ್ಳಿಗಳೂ ಬ್ರಹ್ಮಾವರದ ಮಗ್ಗುಲಲ್ಲೇ ಇವೆ. ಹಾರಾಡಿ ರಾಮ ಗಾಣಿಗರು, ಮಟಪಾಡಿ ವೀರಭದ್ರ ನಾಯಕರು ಎಂದು ನಮ್ಮ ಹಿರಿಯರು ಕಣ್ಣರಳಿಸಿ ಹೇಳುತ್ತಿದ್ದರು. ಆ ಒಂದೊಂದು ಹೆಜ್ಜೆಯ ಹಿಂದೆ ಕುಳಿತು ಮದ್ದಳೆ ನುಡಿಸುತ್ತಿದ್ದವರು ಯಾರೆಂದು ಹೇಳಿದ್ದನ್ನು ಮಾತ್ರ ನಾನು ಕೇಳಿದ್ದು ಅಪರೂಪ.

ಇಲ್ಲಿಯವರೆಗೆ ಎಲ್ಲವೂ ಸುಲಭ. ಶ್ರೇಷ್ಠರನ್ನು ಗುಡ್ಡೆಹಾಕಿದರೆ ತಂಡವಾಗುವುದಿಲ್ಲ, ಬೇರೆ ಬೇರೆ ಗುಣದವರು ಸೇರಿದರೆ ತಂಡವಾಗುತ್ತದೆ. ಇದನ್ನು ಯಾರೂ ಒಪ್ಪುತ್ತಾರೆ. ಆದರೆ ನನ್ನ ಮೊಮ್ಮಗ ಎದ್ದುಹೋದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಒಪ್ಪಿಗೆಯಲ್ಲ. ಐವತ್ತು ವರ್ಷಗಳಿಂದ ಉಳಿದುಕೊಂಡು ಬಂದ ಒಂದು ಅಳುಕು. ಅದನ್ನು ಹೇಳಬೇಕಾದರೆ ನಮ್ಮ ತಾಳಮದ್ದಳೆಯ ಸಂಘದ ಕಥೆ ಹೇಳಬೇಕು.

ಅಮೆರಿಕೆಯವರು ಆ ಆಟವನ್ನು ಹೂಡಿದ ಕಾಲದ ಆಸುಪಾಸಿನಲ್ಲೇ ನಾನು ಪ್ರಾಥಮಿಕ ಶಾಲೆಯೊಂದಕ್ಕೆ ಹೊಸದಾಗಿ ಮಾಸ್ತರನಾಗಿ ಸೇರಿದ್ದೆ. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರವರು ಕೆಲವರು ಸೇರಿ ತಾಳಮದ್ದಳೆ ನಡೆಸುತ್ತಿದ್ದೆವು. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದಕ್ಕೆ ಆ ಕ್ಷಣದಲ್ಲಿ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳುತ್ತ ವಾದಿಸುತ್ತಾರೆ. ಯುದ್ಧವೆಲ್ಲ ಮಾತಿನಲ್ಲೇ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗರು ಅರ್ಥ ಹೇಳುತ್ತಿದ್ದ ಕಾಲ. ಅವರನ್ನು ಕೇಳಿ ಬಂದ ಹುಡುಗರೆಲ್ಲ ಕನ್ನಡಿಯ ಮುಂದೆ ಕುಳಿತು ಅರ್ಥಧಾರಿಗಳಾಗುತ್ತಿದ್ದೆವು.

ನಮ್ಮ ಸಂಘದಲ್ಲಿ ಒಬ್ಬ ಅಂಗಡಿಯವರಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಬೆಲ್ಲ, ಸೀಮೆಎಣ್ಣೆ, ಒಣಮೀನು ಎಲ್ಲ ಒಟ್ಟಿಗೆ ಮಾರುವ ಸಣ್ಣ ಅಂಗಡಿ. ಅವರಿಗೆ ದೊಡ್ಡ ಸಂಸ್ಕೃತವಿಲ್ಲ, ಶ್ಲೋಕವಿಲ್ಲ. ಸಂಧಾನದಲ್ಲಿ ವಿದುರ, ಕರ್ಣಪರ್ವದಲ್ಲಿ ಶಲ್ಯ, ಇನ್ನೆಲ್ಲಾದರೂ ಒಬ್ಬ ದೂತ, ಹೀಗೆ ಯಾರಿಗೂ ಬೇಡವಾದ ಅರ್ಥಗಳೆಲ್ಲ ಅವರ ಪಾಲಿಗೆ. ಎದುರಿನವನು ಅರ್ಧ ಗಂಟೆ ಮಾತಾಡಿದರೆ ಇವರದು ಎರಡು ವಾಕ್ಯ. "ಅದು ಸರಿ ಮಹಾರಾಜ, ಹಾಗಾದರೆ ಈಗ ಮಾಡುವುದೇನು?" ಎನ್ನುವ ಬಗೆಯವು. ಅವರನ್ನು ನಾವು ಪ್ರೀತಿಯಿಂದಲೇ ಸಹಿಸಿಕೊಂಡಿದ್ದೆವು. ಹೀಗೆ ಬರೆಯುವಾಗ 'ಸಹಿಸಿಕೊಂಡಿದ್ದೆವು' ಎಂಬ ಮಾತು ನನಗೇ ಚುಚ್ಚುತ್ತದೆ.

ಒಂದು ಮಳೆಗಾಲ ಬೈಂದೂರಿನ ಕಡೆಯ ಒಂದು ದೇವಸ್ಥಾನದಿಂದ ನಮಗೆ ಕರೆ ಬಂತು. ಅಲ್ಲಿಯ ಸಭೆ ಕಠಿಣವಾದದ್ದು ಎಂದು ಹೆಸರು. ಎದುರು ಸಾಲಿನಲ್ಲಿ ಕುಳಿತ ಹಿರಿಯರು ತಪ್ಪಿದಲ್ಲಿ ತಲೆಯಾಡಿಸದೆ ಸುಮ್ಮನೆ ವೀಳ್ಯ ಮಡಚತೊಡಗುತ್ತಾರಂತೆ. ಅರ್ಥಧಾರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರಿಲ್ಲ. ಪ್ರಸಂಗ ಕರ್ಣಾರ್ಜುನ. ಮಾನ ಉಳಿಸಿಕೊಳ್ಳಬೇಕಾದರೆ ಬಲವಾದ ತಂಡವೇ ಹೋಗಬೇಕೆಂದು ನಾವು ಕುಳಿತು ನಿಶ್ಚಯಿಸಿದೆವು. ಕರ್ಣನಿಗೆ ನಮ್ಮಲ್ಲಿ ಅತ್ಯುತ್ತಮನಾದವನು, ಅರ್ಜುನನಿಗೆ ಅವನ ಸಮದವನು, ಕೃಷ್ಣನಿಗೆ ಇನ್ನೊಬ್ಬ ಪಂಡಿತ. ಶಲ್ಯನನ್ನು ಹೊರಗಿನಿಂದ ಕರೆಸಿದ ಒಬ್ಬ ವಾಗ್ಮಿಗೆ ಕೊಟ್ಟೆವು. ಅಂಗಡಿಯವರಿಗೆ ಈ ಸುದ್ದಿ ತಿಳಿಸುವ ಕೆಲಸ ಕಾರ್ಯದರ್ಶಿಯಾದ ನನ್ನ ತಲೆಗೆ ಬಂತು. ಸಂಜೆ ಅಂಗಡಿಗೆ ಹೋಗಿ ತಡವರಿಸುತ್ತ ಹೇಳಿದೆ. ಅವರು ತಕ್ಕಡಿಯಿಂದ ಕಣ್ಣೆತ್ತದೆ, "ಅಡ್ಡಿಲ್ಲೆ ಮಾಷ್ಟ್ರೆ. ನಾನ್ ಕೇಂಬುಕೆ ಬತ್ತೆ" ಎಂದರು.

ಬಂದರು ಕೂಡ. ನಮ್ಮ ಜೊತೆಗೇ ಬಸ್ಸು ಹತ್ತಿ, ಭಾಗವತರ ಮದ್ದಳೆಗೆ ಮಳೆ ತಾಗದಂತೆ ಕೊಡೆ ಹಿಡಿದು, ಸಭೆಯ ಕೊನೆಯಲ್ಲಿ ಕಂಬಕ್ಕೆ ಒರಗಿ ಕುಳಿತರು.

ಆ ರಾತ್ರಿ ನಡೆದದ್ದನ್ನು ನಮ್ಮೂರಿನವರು ಬಹುಕಾಲ ನೆನೆದು ನಕ್ಕರು. ಕರ್ಣ ಮಾತಾಡಿದ, ಅದ್ಭುತವಾಗಿ ಮಾತಾಡಿದ. ಶಲ್ಯ ಅದಕ್ಕುತ್ತರ ಕೊಟ್ಟ, ಅದೂ ಅದ್ಭುತವೇ. ಕರ್ಣ ಮರುತ್ತರ ಕೊಟ್ಟ. ಕುಲವೆಂದರೇನು, ಸ್ವಾಮಿಭಕ್ತಿಯೆಂದರೇನು, ಸಾರಥಿಗೆ ರಥಿಕನನ್ನು ಹಳಿಯುವ ಅಧಿಕಾರವಿದೆಯೇ ಎಂದು ಎರಡು ಗಂಟೆ ವಾದವಾಯಿತು. ರಥ ಬಿಡಾರದಿಂದ ಒಂದು ಮಾರು ಮುಂದೆ ಹೋಗಲಿಲ್ಲ. ಭಾಗವತರು ಮುಂದಿನ ಪದ ಎತ್ತಲು ಎರಡು ಸಲ ತಾಳ ತಟ್ಟಿದರು. ಶಲ್ಯ ಕೈಯೆತ್ತಿ ತಡೆದ. ಆಮೇಲೆ ಕೃಷ್ಣಾರ್ಜುನರು ತಮ್ಮ ಪಾಲನ್ನು ಬಿಟ್ಟುಕೊಡುತ್ತಾರೆಯೇ? ಅವರೂ ಮಾತಾಡಿದರು. ಮೂಡಣ ಬೆಳಗಾಯಿತು. ಎದುರು ಸಾಲಿನವರು ವೀಳ್ಯ ಮಡಚಿ ಮುಗಿಸಿ ಎದ್ದುಹೋಗಿದ್ದರು. ಭಾಗವತರು ಬೇರೆ ದಾರಿ ಕಾಣದೆ ಮಂಗಳಪದ ಹಾಡಿದರು. ಆಗ ಕರ್ಣನಿಗೆ ಇನ್ನೂ ಒಂದು ಬಾಣವೂ ತಾಗಿರಲಿಲ್ಲ!

ತಿರುಗಿ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ನಮ್ಮ ಕರ್ಣನನ್ನು ಬೆಳಗಾಗುವುದರೊಳಗೆ ರಣರಂಗಕ್ಕೆ ಮುಟ್ಟಿಸುತ್ತಿದ್ದವರು ಯಾರೆಂದು ನನಗೆ ಆಗ ಹೊಳೆಯಿತು. ಆ ಎರಡು ವಾಕ್ಯಗಳ ಶಲ್ಯ ಕರ್ಣನ ಅರ್ಧ ಗಂಟೆಯ ಮಾತನ್ನು ಮೈಮೇಲೆ ಹೊತ್ತುಕೊಂಡು, ಗೆಲ್ಲುವ ಆಸೆಯಿಲ್ಲದೆ, ಅದನ್ನು ಮುಂದಿನ ಪದದ ಬಾಗಿಲಿಗೆ ತಂದುಬಿಡುತ್ತಿದ್ದ. ರಥ ನಡೆಸುವುದೆಂದರೆ ಅದೇ ತಾನೆ?

ಇಷ್ಟೇ ಆಗಿದ್ದರೆ ಇದೊಂದು ನೀತಿಕಥೆಯಾಗಿ ಮುಗಿಯುತ್ತಿತ್ತು. ಮುಂದಿನ ಭಾಗ ನನಗೆ ಹೆಚ್ಚು ಕಷ್ಟದ್ದು. ತಿಂಗಳು ಕಳೆದ ಮೇಲೆ ಇನ್ನೊಂದು ಕರೆ ಬಂತು. ನಾನು ನೇರವಾಗಿ ಅಂಗಡಿಗೆ ಹೋದೆ. "ನೀವಿಲ್ಲದೆ ಕಥೆ ಮುಂದೆ ಹೋಗುವುದಿಲ್ಲ ಎಂದು ನಮಗೆ ಗೊತ್ತಾಯಿತು. ಈ ಸಲ ನೀವು ಬರಲೇಬೇಕು" ಎಂದೆ. ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ ಎಂದು ನನ್ನ ಎಣಿಕೆ. ಅವರು ಸಕ್ಕರೆಯ ಪೊಟ್ಟಣಕ್ಕೆ ದಾರ ಸುತ್ತುತ್ತ ನಗುತ್ತಲೇ ಕೇಳಿದರು: "ಕತಿ ಮುಂದ್ ಹೋಪುಕೆ ಒಬ್ಬ ಬೇಕಾ ಮಾಷ್ಟ್ರೆ, ಅಲ್ಲ ನಾನೇ ಬೇಕಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಸಿಟ್ಟಾಗಲಿಲ್ಲ, ಮಾತು ಬಿಡಲಿಲ್ಲ. ಗಂಟಲು ಸರಿಯಿಲ್ಲವೆಂದರು. ಆಮೇಲೆ ಎಷ್ಟು ವರ್ಷ ಕರೆದರೂ ಗಂಟಲು ಸರಿಯಾಗಲೇ ಇಲ್ಲ. ಅವರು ತೀರಿಕೊಳ್ಳುವವರೆಗೆ ನಮ್ಮ ಪ್ರತಿ ಕೂಟಕ್ಕೂ ಬಂದು ಕಂಬಕ್ಕೆ ಒರಗಿ ಕುಳಿತು ಕೇಳಿದರು. ಅರ್ಥಕ್ಕೆ ಮಾತ್ರ ಕೂರಲಿಲ್ಲ.

ಅವರ ಪ್ರಶ್ನೆಯನ್ನು ಇಂದಿಗೂ ನಾನು ಹೊರಳಿಸಿ ನೋಡುತ್ತಿದ್ದೇನೆ. ಒಬ್ಬ ಮನುಷ್ಯನನ್ನು ಅವನ ಉಪಯೋಗಕ್ಕಾಗಿ ಆರಿಸುವುದು ತಪ್ಪೇ? ತಪ್ಪೆಂದರೆ ಜಗತ್ತಿನಲ್ಲಿ ಒಂದು ದೋಣಿಯೂ ಕಡಲಿಗೆ ಇಳಿಯಲಾರದು. ಗಂಗೊಳ್ಳಿಯ ಮೀನುಗಾರ ಚುಕ್ಕಾಣಿ ಹಿಡಿಯುವವನನ್ನು ಆರಿಸುವಾಗ ಅವನಿಗೆ ಅಳಿವೆಯ ನೀರು ಗೊತ್ತಿದೆಯೇ ಎಂದೇ ನೋಡುತ್ತಾನೆ. ನೋಡಬೇಕು ಕೂಡ; ಉಳಿದವರ ಪ್ರಾಣ ಅದರ ಮೇಲಿದೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರ ತನ್ನ ನೀತಿಗ್ರಂಥದಲ್ಲಿ ಮನುಷ್ಯನನ್ನು ಕೇವಲ ಸಾಧನವಾಗಿ ಕಾಣಬಾರದೆಂದು ವಿಧಿಸಿದ. ಅವನ ಮಾತಿನಲ್ಲಿ ತೂಕವಿರುವುದು 'ಕೇವಲ' ಎಂಬಲ್ಲಿ. ಉಪಯೋಗಿಸಿಕೊಳ್ಳಬೇಡಿ ಎಂದು ಅವನು ಹೇಳಲಿಲ್ಲ; ಉಪಯೋಗ ಕಳೆದ ಮೇಲೆ ಏನೂ ಉಳಿಯದಂತೆ ಕಾಣಬೇಡಿ ಎಂದ. ನಮ್ಮ ಅಂಗಡಿಯವರು ಕಾಂಟನನ್ನು ಓದಿರಲಿಲ್ಲ. ಅವರು ಕೇಳಿದ್ದೂ ಅದನ್ನೇ.

ಈ ಪ್ರಶ್ನೆ ಕರ್ಣಪರ್ವದಲ್ಲೇ ಅಡಗಿತ್ತು ಎಂಬುದು ನನಗೆ ಎಷ್ಟೋ ಕಾಲದ ಮೇಲೆ ಕಂಡಿತು. ಕೌರವರಿಗೆ ಹನ್ನೊಂದು ಅಕ್ಷೌಹಿಣಿ, ಪಾಂಡವರಿಗೆ ಏಳು. ಭೀಷ್ಮ, ದ್ರೋಣ, ಕರ್ಣ, ಅಶ್ವತ್ಥಾಮ, ಶಲ್ಯ ಎಲ್ಲರೂ ಅತ್ತಲೇ. ಗುಣಗಳ ಪಟ್ಟಿ ಮಾಡಿದರೆ ಆ ತಂಡದಲ್ಲಿ ಕೊರತೆಯೇ ಇಲ್ಲ. ಯುದ್ಧದ ಮುನ್ನ ಭೀಷ್ಮ ತನ್ನ ಪಕ್ಷದ ರಥಿಕರ ಎಣಿಕೆ ಮಾಡುತ್ತಾನೆ: ಇವನು ರಥಿ, ಇವನು ಅತಿರಥಿ ಎಂದು. ಕರ್ಣನ ಸರದಿ ಬಂದಾಗ ಅರ್ಧರಥಿ ಎನ್ನುತ್ತಾನೆ. ಕರ್ಣ ಕೆರಳಿ, ಭೀಷ್ಮನಿರುವವರೆಗೆ ಯುದ್ಧ ಮಾಡೆನೆಂದು ಹೊರಗುಳಿಯುತ್ತಾನೆ. ಮೊದಲ ಹತ್ತು ದಿನ ಕೌರವಸೇನೆ ಕರ್ಣನಿಲ್ಲದೆ ಕಾದಿತು. ಒಂದು ಬಾಣವೂ ಬೀಳುವ ಮುನ್ನ ಒಂದು ಮಾತಿನಿಂದ ಕಳೆದುಹೋದ ವೀರ ಅವನು.

ಆದರೆ ನೊಂದ ಕರ್ಣ ತಾನೇ ಆರಿಸುವ ಹೊತ್ತು ಬಂದಾಗ ಏನು ಮಾಡಿದ? ಹದಿನೇಳನೆಯ ದಿನ ಅವನಿಗೆ ಸಾರಥಿ ಬೇಕಾಯಿತು. ಅರ್ಜುನನಿಗೆ ಕೃಷ್ಣನಿದ್ದಾನೆ, ಅಶ್ವವಿದ್ಯೆಯಲ್ಲಿ ಕೃಷ್ಣನಿಗೆ ಸಮನಾದವನು ಶಲ್ಯನೊಬ್ಬನೇ, ಆದ್ದರಿಂದ ಶಲ್ಯನೇ ಬೇಕೆಂದ. ಲೆಕ್ಕ ಸರಿಯಾಗಿತ್ತು. ಮದ್ರದೇಶದ ಅರಸನಿಗೆ ಸೂತಪುತ್ರನೆನಿಸಿಕೊಂಡವನ ಕುದುರೆ ಹೊಡೆಯುವ ಮನಸ್ಸಿದೆಯೇ ಎಂದು ಮಾತ್ರ ಕರ್ಣ ಕೇಳಲಿಲ್ಲ. ಕರ್ಣನ ಧೈರ್ಯ ಕುಂದಿಸುವ ಮಾತಾಡುತ್ತೇನೆಂದು ಶಲ್ಯ ಧರ್ಮರಾಯನಿಗೆ ಮೊದಲೇ ವಚನ ಕೊಟ್ಟಿದ್ದ ಸಂಗತಿ ಅವನಿಗೆ ತಿಳಿಯದು. ಕುದುರೆಗಳು ಚೆನ್ನಾಗಿಯೇ ಓಡಿದವು. ರಥದಲ್ಲಿ ಇಬ್ಬರು ಶತ್ರುಗಳು ಕುಳಿತಿದ್ದರು. ಸರ್ಪಾಸ್ತ್ರದ ಗುರಿ ಸರಿಯಿಲ್ಲವೆಂದು ಶಲ್ಯ ಹೇಳಿದಾಗ ಅದು ಹಿತದ ಮಾತೋ ಹಳಿಯುವ ಮಾತೋ ಎಂದು ಬೇರ್ಪಡಿಸಿ ಕೇಳುವ ಕಿವಿ ಕರ್ಣನಲ್ಲಿ ಉಳಿದಿರಲಾರದು. ತನ್ನನ್ನು ಅರ್ಧವೆಂದು ಎಣಿಸಿದ್ದಕ್ಕೆ ಹತ್ತು ದಿನ ನೊಂದವನು ಇನ್ನೊಬ್ಬನನ್ನು ವಿದ್ಯೆಯ ಒಂದು ಮೂಟೆಯೆಂದು ಎಣಿಸಿದ. ಪೆಟ್ಟು ತಿಂದವನಿಗೂ ಅದೇ ಪೆಟ್ಟನ್ನು ಕೊಡದಿರುವ ಬುದ್ಧಿ ತಾನಾಗಿ ಬರುವುದಿಲ್ಲ.

ಈ ಸಂಗತಿಯನ್ನು ಸಂಜೆ ಮೊಮ್ಮಗನಿಗೆ ಹೇಳಿದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. "ನಮ್ಮ ಆಟದಲ್ಲೂ ಹಾಗೇ ಅಜ್ಜಯ್ಯ. ಜೊತೆಯವರ ಮನಸ್ಸು ಕೆಡೋ ಹಾಗೆ ನಡ್ಕೊಂಡ್ರೆ ಕೆಲವರು ತಂಡ ಬಿಟ್ಟು ಹೋಗ್ತಾರೆ" ಎಂದ. ಯಂತ್ರದೊಳಗಿನ ಬೊಂಬೆಗೂ ಇಷ್ಟು ಸ್ವಾಭಿಮಾನವನ್ನು ಕೊಟ್ಟವರು ಮನುಷ್ಯಸ್ವಭಾವವನ್ನು ಬಲ್ಲವರೇ ಇರಬೇಕು.

ಹಾಗಾದರೆ ಅಂಗಡಿಯವರನ್ನು ಬಿಟ್ಟದ್ದೇ ನಮ್ಮ ತಪ್ಪೇ? ವಾಚಕರು ಸುಲಭವಾಗಿ ಹೌದೆನ್ನಬಹುದು. ನನಗೆ ಹಾಗೆನ್ನಿಸುವುದಿಲ್ಲ. ಮಳೆಯಲ್ಲಿ ನಡೆದುಬಂದು ರಾತ್ರಿಯೆಲ್ಲ ಕುಳಿತು ಕೇಳುವ ಜನಕ್ಕೂ ನಾವು ಋಣಿಗಳು. ದಾಕ್ಷಿಣ್ಯಕ್ಕೆ ಪಾತ್ರ ಹಂಚಿದರೆ ಆ ಋಣಕ್ಕೆ ಮೋಸ. ಎಷ್ಟೋ ಸಲ ಒಬ್ಬನನ್ನು ಬಿಡಬೇಕಾಗುತ್ತದೆ. ಬಿಟ್ಟದ್ದನ್ನು ಅವರೂ "ಅಡ್ಡಿಲ್ಲೆ" ಎಂದು ಒಪ್ಪಿದ್ದರು. ನಾನು ಎರಡನೆಯ ಸಲ ಹೋಗಿ ಕರೆದದ್ದು ತಪ್ಪೇ? ಅದೂ ಅಲ್ಲ. ತಪ್ಪು ಇವೆರಡಕ್ಕೂ ಹಿಂದಿನದು. ಎಷ್ಟೋ ವರ್ಷ ಅವರ ಜೊತೆ ಕುಳಿತಿದ್ದೂ ಅವರು ಮಾಡುತ್ತಿದ್ದುದೇನೆಂದು ನಾವು ಕಾಣಲಿಲ್ಲ. ಕಂಡದ್ದು ನಮಗೆ ನಷ್ಟವಾದ ಮೇಲೆ. ನಷ್ಟವಾದ ಮೇಲೆ ಬೆಲೆ ತಿಳಿಯುವುದು ವ್ಯಾಪಾರದ ಲೆಕ್ಕ. ಆ ಲೆಕ್ಕ ಅಂಗಡಿಯವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು, ಎಲ್ಲವೂ ಸರಿಯಾಗಿ ನಡೆಯುತ್ತಿದ್ದ ಯಾವುದೋ ಒಂದು ಬೆಳಿಗ್ಗೆ, ಕರ್ಣ ಹೊತ್ತಿಗೆ ಸರಿಯಾಗಿ ಸತ್ತ ಬೆಳಿಗ್ಗೆ, "ನಿಮ್ಮ ಶಲ್ಯ ಚೆನ್ನಾಗಿತ್ತು" ಎಂಬ ಒಂದು ಮಾತು. ಅದನ್ನು ನಮ್ಮಲ್ಲಿ ಯಾರೂ ಆಡಿರಲಿಲ್ಲ.

ಕೊಲ್ಲೂರಿನ ದೇವಿಯ ಸನ್ನಿಧಿಗೆ ಹೋದಾಗಲೆಲ್ಲ ನನಗೆ ಮಹಿಷಾಸುರನ ಕಥೆ ನೆನಪಾಗುತ್ತದೆ. ಯಾವ ದೇವತೆಯೂ ಒಬ್ಬನೇ ಗೆಲ್ಲಲಾರದ ಕಾಳಗ ಅದು. ಎಲ್ಲರ ತೇಜಸ್ಸು ಸೇರಿ ದೇವಿಯಾಯಿತು, ಎಲ್ಲರೂ ಒಂದೊಂದನ್ನು ಕೊಟ್ಟರು. ಕೊಂದದ್ದು ಯಾರ ಆಯುಧವೆಂದು ದೇವತೆಗಳು ಜಗಳವಾಡಿದಂತಿಲ್ಲ. ಆದರೆ ಪುರಾಣಕಾರ ಒಂದು ಕೆಲಸವನ್ನು ಮರೆಯದೆ ಮಾಡಿದ್ದಾನೆ. ಶಿವ ತ್ರಿಶೂಲ ಕೊಟ್ಟ, ವಿಷ್ಣು ಚಕ್ರ ಕೊಟ್ಟ, ವರುಣ ಶಂಖ ಕೊಟ್ಟ, ವಾಯು ಬಿಲ್ಲು ಕೊಟ್ಟ, ಇಂದ್ರ ವಜ್ರದ ಜೊತೆಗೆ ಐರಾವತದ ಗಂಟೆಯನ್ನೂ ಕೊಟ್ಟ, ಹಿಮವಂತ ಸಿಂಹವನ್ನು ಕೊಟ್ಟ ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದ್ದಾನೆ. ಕುಬೇರ ಕೊಟ್ಟದ್ದು ಒಂದು ಪಾನಪಾತ್ರೆ, ಅದನ್ನೂ ಬಿಟ್ಟಿಲ್ಲ. ಯುದ್ಧದ ವರ್ಣನೆಗೆ ಹೋಗುವ ಅವಸರದಲ್ಲಿ ಗಂಟೆ ಕೊಟ್ಟವನನ್ನೂ ಬಟ್ಟಲು ಕೊಟ್ಟವನನ್ನೂ ಮರೆಯದ ಕವಿಯಿಂದ ಮೇಳ ಕಟ್ಟುವವರು ಕಲಿಯಬೇಕಾದದ್ದಿದೆ. ಯಾವ ಕಾಣಿಕೆಯೂ ಸಣ್ಣದಲ್ಲವೆಂದು ಅವನು ಉಪದೇಶ ಮಾಡಲಿಲ್ಲ. ಯುದ್ಧಕ್ಕೆ ಮುಂಚೆಯೇ ಎಣಿಸಿಟ್ಟ.

ಮೊನ್ನೆ ನಮ್ಮೂರಿನ ಗದ್ದೆಯಲ್ಲಿ ಮಂದಾರ್ತಿ ಮೇಳದ ಹರಕೆಯಾಟವಿತ್ತು. ಮಂದಾರ್ತಿಗೆ ಐದು ಮೇಳಗಳಿದ್ದರೂ ಹರಕೆ ಹೊತ್ತವರು ವರ್ಷಗಟ್ಟಲೆ ಸರದಿ ಕಾಯಬೇಕು; ಆಟ ಆಡಿಸುವ ಮನೆಯವರಿಗೆ ಅದು ಮದುವೆಯ ಸಂಭ್ರಮ. ಮೊಮ್ಮಗನನ್ನೂ ಕರೆದುಕೊಂಡು ಹೋದೆ. ಎರಡನೇ ವೇಷ ರಂಗಕ್ಕೆ ಬಂದು ಕುಣಿಯತೊಡಗಿದಾಗ ಹುಡುಗ ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಅವನ ಭುಜ ತಟ್ಟಿ, "ಸ್ವಲ್ಪ ಹೊತ್ತು ಆ ಮದ್ದಳೆಯವರ ಕಣ್ಣು ನೋಡು" ಎಂದೆ. ಆ ಕಣ್ಣು ಕುಣಿಯುವವನ ಕಾಲಿನ ಮೇಲೆಯೇ ಇತ್ತು. ಹೆಜ್ಜೆ ನೆಲ ಮುಟ್ಟುವುದಕ್ಕೂ ಕೈ ಚರ್ಮ ಮುಟ್ಟುವುದಕ್ಕೂ ಅಂತರವಿರಲಿಲ್ಲ. ಹುಡುಗ ಬಹಳ ಹೊತ್ತು ಅಲ್ಲೇ ನೋಡಿದ.

ಆಟ ಮುಗಿದ ಮೇಲೆ ಅವನನ್ನು ಕರೆದುಕೊಂಡು ಚೌಕಿಗೆ ಹೋದೆ. ವೇಷಧಾರಿಗಳು ಬಣ್ಣ ತೆಗೆಯುತ್ತಿದ್ದರು. ಮದ್ದಳೆಯವರು ಮೂಲೆಯಲ್ಲಿ ಮದ್ದಳೆಗೆ ಬಟ್ಟೆ ಸುತ್ತುತ್ತಿದ್ದರು. ಹತ್ತಿರ ಹೋಗಿ, "ನಿಮ್ಮ ಮದ್ದಳೆ ಚೆನ್ನಾಗಿತ್ತು" ಎಂದೆ. ಅವರು ತಲೆಯೆತ್ತಿ ನನ್ನನ್ನೂ ಹುಡುಗನನ್ನೂ ನೋಡಿ ಕೈಮುಗಿದರು. ಆ ಮಾತನ್ನು ನಾನು ಐವತ್ತು ವರ್ಷ ತಡವಾಗಿ, ಬೇರೊಬ್ಬರಿಗೆ ಹೇಳಿದೆ.